ದ್ವೀಪದ ಯಾವ ಮಗ್ಗುಲು?

ಕುಮಟಾದಲ್ಲಿ ಹುಟ್ಟಿ ಬೆಳೆದವಳು ಕಡಲ ವಿಷಯದಲ್ಲಿ ಬೇಸ್ತು ಬಿದ್ದಳು ಅಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ಆದರೆ ನಾನು ಬಿದ್ದೆ. ಅದೂ ಅವಸರದಲ್ಲಲ್ಲ. ಮೂರು ತಿಂಗಳು ರಿವ್ಯೂ ಓದಿ, ಗಂಡನ ಎಕ್ಸೆಲ್ ಶೀಟಿನಲ್ಲಿ ಹದಿನಾಲ್ಕು ಕಾಲಂ ತುಂಬಿ, ಮಕ್ಕಳಿಂದ ವೋಟು ಹಾಕಿಸಿ, ಆಮೇಲೆ ಬಿದ್ದೆ. ಕಳೆದ ವಾರ ಡಲ್ಲಾಸಿನ ಗೆಳತಿ ವಾಟ್ಸಾಪಿನಲ್ಲಿ ಮೂರು ಲಿಂಕ್ ಕಳಿಸಿ "ಇದ್ರಲ್ಲಿ ಯಾವ್ದು ಬುಕ್ ಮಾಡ್ಲಿ ಹೇಳೇ" ಅಂದಾಗ ಅದೆಲ್ಲ ಮತ್ತೆ ನೆನಪಾಯಿತು. ಮೂರೂ ಕೆರಿಬಿಯನ್ ರೆಸಾರ್ಟುಗಳು. ಮೂರರಲ್ಲೂ ಹೆಚ್ಚು ಕಡಿಮೆ ಅದೇ ಫೋಟೋ. ನೀಲಿ ನೀರು, ಬಿಳಿ ಮರಳು, ಬಾಗಿದ ಒಂದು ತೆಂಗಿನ ಮರ, ಎರಡು ಕುರ್ಚಿ, ಒಂದರ ಮೇಲೆ ಹುಲ್ಲಿನ ಟೋಪಿ. ಟೋಪಿಯ ಯಜಮಾನ ಎಲ್ಲಿ ಹೋದನೋ, ಯಾವ ಫೋಟೋದಲ್ಲೂ ಸಿಗುವುದಿಲ್ಲ. ಅವಳಿಗೆ ಉತ್ತರ ಬರೆಯಲು ಕೂತೆ. ಉದ್ದವಾಯಿತು, ಅಳಿಸಿದೆ. ಮತ್ತೆ ಬರೆದೆ, ಇನ್ನೂ ಉದ್ದವಾಯಿತು. ಅದಕ್ಕೇ ಇಲ್ಲಿ ಹಾಕುತ್ತಿದ್ದೇನೆ.

ಅಮೆರಿಕಕ್ಕೆ ಕೆಲಸಕ್ಕೆಂದು ಬಂದ ನಮ್ಮಂಥವರಿಗೆ ಮೊದಮೊದಲು ಈ ತಲೆನೋವೇ ಇರಲಿಲ್ಲ. ಎಚ್1ಬಿ ಅನ್ನುವ ಕೆಲಸದ ವೀಸಾದ ದಿನಗಳಲ್ಲಿ ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಮುಗಿದು ಹೋಗಿತ್ತು. ಬೇರೆ ದೇಶದ ದ್ವೀಪಕ್ಕೆ ಹೋದರೆ ವಾಪಸ್ ಬರುವುದಕ್ಕೆ ಸ್ಟಾಂಪಿಂಗ್, ಸ್ಟಾಂಪಿಂಗಿಗೆ ಅಪಾಯಿಂಟ್‌ಮೆಂಟ್, ಆ ಕತೆ ನಿಮಗೇ ಗೊತ್ತು. ಹಾಗಾಗಿ ಎರಡು ಸಲ ಪೋರ್ಟೊ ರಿಕೊ, ಒಂದು ಸಲ ಸೇಂಟ್ ಥಾಮಸ್. ಎರಡೂ ಅಮೆರಿಕದ್ದೇ ನೆಲ. ಅಲ್ಲಿನ ಬೀಚುಗಳಲ್ಲಿ ಸಿಗುವ ಅರ್ಧ ದೇಸಿಗಳು ಇದೇ ಕಾರಣಕ್ಕೆ ಬಂದವರು ಅಂತ ನನ್ನ ಗುಮಾನಿ. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಇಡೀ ನಕ್ಷೆ ತೆರೆದುಕೊಂಡಿತು. ಡೊಮಿನಿಕನ್ ರಿಪಬ್ಲಿಕ್, ಜಮೈಕಾ, ಅರುಬಾ, ಸೇಂಟ್ ಲೂಸಿಯಾ. ಗೊಂದಲ ಶುರುವಾಗಿದ್ದೂ ಆವಾಗಲೇ.

ಹದಿನಾಲ್ಕು ಕಾಲಂ

ನನ್ನ ಗಂಡ ದಾವಣಗೆರೆಯವನು. ಕಡಲು ಅಂದರೆ ಅವನಿಗೆ ಶಾಲೆಯ ಪ್ರವಾಸದಲ್ಲಿ ಒಂದು ಸಂಜೆ ನೋಡಿದ ವಸ್ತು. ಎಕ್ಸೆಲ್ ಅಂದರೆ ಪ್ರಾಣ. ಸ್ಟಾರ್ ಎಷ್ಟು, ರೇಟಿಂಗ್ ಎಷ್ಟು, ಏರ್‌ಪೋರ್ಟಿನಿಂದ ಎಷ್ಟು ನಿಮಿಷ, ಮಕ್ಕಳ ಪೂಲ್ ಇದೆಯೋ ಇಲ್ಲವೋ, ಎಷ್ಟು ರೆಸ್ಟೋರೆಂಟು, ಸಸ್ಯಾಹಾರ ಸಿಗುತ್ತದೆಯೇ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ಸೇ. ಎಲ್ಲದಕ್ಕೂ ಒಂದೊಂದು ಕಾಲಂ. ಕೊನೆಗೆ ಗೆದ್ದಿದ್ದು ಡೊಮಿನಿಕನ್ ರಿಪಬ್ಲಿಕ್ಕಿನ ಪುಂಟಾ ಕಾನಾ ಕಡೆಯ ಒಂದು ದೊಡ್ಡ ಆಲ್ ಇನ್‌ಕ್ಲೂಸಿವ್ ರೆಸಾರ್ಟು, ಅಂದರೆ ಊಟ ತಿಂಡಿಯೆಲ್ಲ ಬಾಡಿಗೆಯಲ್ಲೇ ಸೇರಿದ್ದು. ಹೆಸರು ಬೇಡ. ಅವರ ತಪ್ಪಿಗಿಂತ ನನ್ನ ತಪ್ಪೇ ಜಾಸ್ತಿ.

2023ರ ಮೇ ಕೊನೆ, ಅಮೆರಿಕದ ಮೆಮೋರಿಯಲ್ ಡೇ ರಜೆಯ ವಾರ. ಅತ್ತೆಯೂ ಜೊತೆಗಿದ್ದರು. ರೂಮಿಗೆ ಹೋಗಿ ಬಾಲ್ಕನಿ ಬಾಗಿಲು ತೆರೆದರೆ ಎದುರಿಗೆ ಇನ್ನೊಂದು ಕಟ್ಟಡ. ಬಲಗಡೆ ಮೂಲೆಗೆ ಹೋಗಿ, ಕಂಬಿ ಹಿಡಿದು ಸ್ವಲ್ಪ ಬಾಗಿದರೆ ಅಂಗೈ ಅಗಲದಷ್ಟು ನೀಲಿ ಕಾಣುತ್ತಿತ್ತು. ಇದು ಪಾರ್ಷಿಯಲ್ ಓಷನ್ ವ್ಯೂ. ಬಾಗದೆ ಕಂಡರೆ ಓಷನ್ ವ್ಯೂ. ಮಧ್ಯೆ ಏನೂ ಅಡ್ಡ ಇಲ್ಲದಿದ್ದರೆ ಓಷನ್ ಫ್ರಂಟ್. ಒಂದೊಂದು ಮೆಟ್ಟಿಲು ಏರಿದ ಹಾಗೂ ರಾತ್ರಿಯ ಬಾಡಿಗೆ ಏರುತ್ತದೆ. ಅಂಗೈ ಅಗಲ ಸಾಕು ಬಿಡು ಅಂದುಕೊಂಡು ಮಲಗಿದೆವು.

ಮರುದಿನ ಐದೂವರೆಗೇ ಎಚ್ಚರವಾಯಿತು. ಎಲ್ಲರೂ ಮಲಗಿದ್ದರು, ಒಬ್ಬಳೇ ಕೆಳಗಿಳಿದು ಹೋದೆ. ಪೂಲ್ ದಾಟುವ ಹೊತ್ತಿಗೆ ವಾಸನೆ ಬಂತು. ಕೊಳೆತ ಮೊಟ್ಟೆಯ ವಾಸನೆ. ಎಲ್ಲೋ ಗಟಾರ ಒಡೆದಿರಬೇಕು ಅಂದುಕೊಂಡು ಇನ್ನೂ ನಾಲ್ಕು ಹೆಜ್ಜೆ ಹೋದರೆ ದಂಡೆ ಕಾಣಿಸಿತು. ಮರಳು ಇರಬೇಕಾದ ಜಾಗದಲ್ಲಿ ಮೊಣಕಾಲೆತ್ತರಕ್ಕೆ ಕಂದು ರಾಶಿ. ಗೊಬ್ಬರದ ಗುಂಡಿಯಿಂದ ಈಗಷ್ಟೇ ಎತ್ತಿ ಸುರಿದ ಹಾಗೆ. ಆ ಅರೆಗತ್ತಲಲ್ಲಿ ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಂತು ಉದ್ದ ಹಲ್ಲಿನ ಕುಂಟೆಯಿಂದ ಅದನ್ನು ಎಳೆದು ಗುಡ್ಡೆ ಮಾಡುತ್ತಿದ್ದರು. ಹಿಂದಿನಿಂದ ಒಂಟಿ ಗಾಲಿಯ ಕೈಗಾಡಿಗಳು, ಅವುಗಳ ಹಿಂದೆ ಒಂದು ಟ್ರ್ಯಾಕ್ಟರು. ಯಾರೂ ಮಾತಾಡುತ್ತಿರಲಿಲ್ಲ. ಬೆಳಗಾಗುವುದರೊಳಗೆ ಮುಗಿಸಬೇಕು ಅನ್ನುವ ಅವಸರ ಇತ್ತು.

ಬಗ್ಗಿ ಒಂದು ಹಿಡಿ ಎತ್ತಿಕೊಂಡೆ. ಹಸಿ ಕಾಳುಮೆಣಸಿನ ಗೊಂಚಲನ್ನು ಚಹಾದಲ್ಲಿ ಅದ್ದಿ ತೆಗೆದಂತಿತ್ತು. ಸಣ್ಣ ಸಣ್ಣ ಉರುಟು ಕಾಳು, ಒಳಗೆ ಬರೀ ಗಾಳಿ. ಅದರಿಂದಲೇ ಅದು ನೀರಿನ ಮೇಲೆ ತೇಲುವುದು. ಬೆರಳಲ್ಲಿ ಒತ್ತಿದರೆ ಟಪ್ ಎಂದು ಒಡೆಯುತ್ತದೆ. ಎಳೆಗಳ ನಡುವಿನಿಂದ ಉಗುರಿನಷ್ಟು ಚಿಕ್ಕ ಏಡಿಯೊಂದು ಹೊರಬಂದು ನನ್ನ ಮಣಿಕಟ್ಟಿನ ಮೇಲೆ ಹತ್ತಿತು. ಅದೂ ಅದೇ ಕಂದು ಬಣ್ಣ. ತಲೆಗೆ ಅಂಗಿಯನ್ನೇ ಮುಂಡಾಸಿನ ಹಾಗೆ ಸುತ್ತಿಕೊಂಡಿದ್ದ ಒಬ್ಬ ಹಿರಿಯರು ನನ್ನನ್ನು ನೋಡಿ ಕುಂಟೆ ನಿಲ್ಲಿಸಿದರು. ಎಷ್ಟು ದಿನದಿಂದ ಹೀಗೆ ಎಂದು ಕೈಸನ್ನೆಯಲ್ಲಿ ಕೇಳಿದೆ. "ತೋದೋಸ್ ಲೋಸ್ ದೀಯಾಸ್" ಅಂದರು. ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುವ ಮಗಳು ಆಮೇಲೆ ಅರ್ಥ ಹೇಳಿದಳು. ದಿನಾ.

ಎಂಟು ಗಂಟೆಗೆ ಜನ ಎದ್ದು ಬರುವಾಗ ದಂಡೆ ಸಾರಿಸಿದ ಅಂಗಳದಂತಿತ್ತು. ಮಧ್ಯಾಹ್ನದ ಹೊತ್ತಿಗೆ ಅಲೆಗಳು ಮತ್ತೆ ಕಂದಾದವು. ದೂರದಲ್ಲಿ ಹಳದಿ ತೇಲುಬೇಲಿ ಕಟ್ಟಿದ್ದರು, ಅದನ್ನೂ ದಾಟಿ ಬರುತ್ತಿತ್ತು. ಮಕ್ಕಳು ಒಂದು ಸಲ ಕಾಲಿಟ್ಟು "ಈ..." ಎಂದು ಪೂಲಿಗೆ ಓಡಿದರು. ನಾಲ್ಕು ದಿನವೂ ಪೂಲೇ.

ಇದರ ಹೆಸರು ಸಾರ್ಗ್ಯಾಸಮ್. ನಡುಸಮುದ್ರದಲ್ಲಿ ತೇಲುತ್ತಾ ಬೆಳೆಯುವ ಪಾಚಿ. ಮೊದಲೆಲ್ಲ ಕೆರಿಬಿಯನ್ ದಂಡೆಗೆ ಒಂದಿಷ್ಟು ಬಂದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವಂತೆ. 2011ರಿಂದ ರಾಶಿ ರಾಶಿ ಬರತೊಡಗಿತು. 2018ರ ಜೂನಿನಲ್ಲಿ ಉಪಗ್ರಹದ ಚಿತ್ರಗಳಲ್ಲಿ ಅಳೆದಾಗ ಪಶ್ಚಿಮ ಆಫ್ರಿಕಾದಿಂದ ಮೆಕ್ಸಿಕೋ ಕೊಲ್ಲಿಯವರೆಗೆ 8,850 ಕಿಲೋಮೀಟರ್ ಉದ್ದದ ಪಟ್ಟಿ ಕಂಡಿತ್ತು. ವಸಂತ, ಬೇಸಿಗೆಯಲ್ಲಿ ಜೋರು, ಚಳಿಗಾಲದ ಹೊತ್ತಿಗೆ ಇಳಿಯುತ್ತದೆ. ದಂಡೆಯಲ್ಲಿ ಕೊಳೆತಾಗ ಬರುವ ವಾಸನೆಗೆ ಹೈಡ್ರೋಜನ್ ಸಲ್ಫೈಡ್ ಕಾರಣ. ಇದನ್ನೆಲ್ಲ ನಾನು ಓದಿದ್ದು ಬುಕ್ ಮಾಡುವ ಮೊದಲಲ್ಲ, ರೆಸಾರ್ಟಿನ ಲಾಬಿಯಲ್ಲಿ ವೈಫೈ ಹಿಡಿದು ಕೂತಾಗ.

ಅಪ್ಪನ ಎರಡು ಪ್ರಶ್ನೆ

ಅವತ್ತೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ದಂಡೆ ತೋರಿಸಿದೆ. ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದ. "ಅಲ್ದೇ ತಂಗಿ, ಅಲ್ಲಿ ಗಾಳಿ ಯಾವ ಬದಿಯಿಂದ ಹೊಡೀತದೆ?" ಮೂಡಲಿಂದ ಅಂದೆ. "ನಿಮ್ಮ ಹೊಟೇಲು ಯಾವ ಬದಿಗದೆ?" ಮೂಡಲಿಗೇ ಅಂದೆ. "ಮತ್ತೆಂತ?" ಅಂದ. ಅಷ್ಟೇ. ಆಮೇಲೆ ಬಂಗಡೆ ರೇಟಿನ ವಿಷಯ ತೆಗೆದ.

ನಾಚಿಕೆಯಾಯಿತು. ಯಾಕೆಂದರೆ ಇದು ನನಗೆ ಗೊತ್ತಿಲ್ಲದ್ದಲ್ಲ. ಆಷಾಢದಲ್ಲಿ ವನ್ನಳ್ಳಿ ದಂಡೆಗೆ ಯಾರು ಹೋಗುತ್ತಾರೆ? ಪಡುವಣ ಗಾಳಿ ಹೊಡೆಯುವ ಆ ಎರಡು ತಿಂಗಳು ಕಡಲು ತನ್ನ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ನಮ್ಮ ದಂಡೆಗೇ ಕಕ್ಕುತ್ತದೆ. ಮರದ ದಿಮ್ಮಿ, ಒಂಟಿ ಚಪ್ಪಲಿ, ಹರಿದ ಬಲೆ. ಯಾಂತ್ರಿಕ ದೋಣಿಗಳಿಗೆ ಜೂನ್ ಒಂದರಿಂದ ಜುಲೈ ಕೊನೆವರೆಗೆ ರಜೆ. ಗಾಳಿ ಯಾವ ಕಡೆಯದು ಎಂದು ನೋಡದೆ ನಮ್ಮ ಕೇರಿಯಲ್ಲಿ ಬಟ್ಟೆ ಸಹ ಒಣಹಾಕುವುದಿಲ್ಲ. ಅಂಥವಳು ಸಾವಿರಾರು ಡಾಲರ್ ಕೊಟ್ಟು ಹೋಗುವಾಗ ಟವೆಲ್ಲಿನಿಂದ ಮಾಡಿದ ಹಂಸದ ಫೋಟೋ ನೋಡುತ್ತಿದ್ದೆ.

ಕೆರಿಬಿಯನ್ನಿನಲ್ಲಿ ಗಾಳಿ ವರ್ಷವಿಡೀ ಹೆಚ್ಚು ಕಡಿಮೆ ಒಂದೇ ದಿಕ್ಕು. ಮೂಡಲಿಂದ, ಇಲ್ಲಾ ಈಶಾನ್ಯದಿಂದ. ಹಾಯಿ ಹಡಗುಗಳನ್ನು ಯುರೋಪಿನಿಂದ ಅಲ್ಲಿಗೆ ದೂಡಿಕೊಂಡು ಬಂದ ಗಾಳಿಯೇ ಇದು. ಹಾಗಾಗಿ ಪ್ರತಿ ದ್ವೀಪಕ್ಕೂ ಒಂದು ಮುಖ, ಒಂದು ಬೆನ್ನು. ಮೂಡಣ ಮಗ್ಗುಲಿಗೆ ಅಟ್ಲಾಂಟಿಕ್ ಬಂದು ಬಡಿಯುತ್ತದೆ. ಪಡುವಣ ಮಗ್ಗುಲು ಕೆರೆಯಂತೆ ತಣ್ಣಗಿರುತ್ತದೆ. ಜಮೈಕಾದಲ್ಲಿ ನೆಗ್ರಿಲ್, ಅರುಬಾದಲ್ಲಿ ಈಗಲ್ ಬೀಚ್, ಸೇಂಟ್ ಲೂಸಿಯಾದಲ್ಲಿ ಪಿಟಾನ್ ಬೆಟ್ಟಗಳ ಕಡೆ, ಎಲ್ಲ ಪಡುವಣವೇ. ಡೊಮಿನಿಕನ್ ರಿಪಬ್ಲಿಕ್ಕಿನಲ್ಲೇ ಪುಂಟಾ ಕಾನಾದಿಂದ ಒಂದು ಗಂಟೆ ದಾರಿಯ ಬಾಯಾಹಿಬೆ ಇನ್ನೊಂದು ಮಗ್ಗುಲಲ್ಲಿದೆ, ಅಲ್ಲಿಗೆ ಈ ಪಾಚಿಯ ಕಾಟ ಕಡಿಮೆ. ಅರುಬಾದಲ್ಲಂತೂ ಡಿವಿ ಡಿವಿ ಅಂತ ಒಂದು ಮರ ಇದೆ. ಗಾಳಿಗೆ ಬೆನ್ನು ಕೊಟ್ಟು ಕೊಟ್ಟು ಪೂರಾ ಒಂದೇ ಕಡೆಗೆ ಮಲಗಿದಂತೆ ಬೆಳೆದಿರುತ್ತದೆ. ಪ್ರವಾಸಿಗರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ದಿಕ್ಕು ಕೇಳಬೇಕಾದ್ದೂ ಅದನ್ನೇ. ಅರುಬಾ ತುಂಬ ದಕ್ಷಿಣಕ್ಕಿರುವುದರಿಂದ ಚಂಡಮಾರುತಗಳೂ ಅತ್ತ ಸುಳಿಯುವುದು ಅಪರೂಪ. ಉಳಿದ ಕಡೆ ಜೂನಿನಿಂದ ನವೆಂಬರ್ ತನಕ ಆ ಭಯ ಇದ್ದೇ ಇದೆ. ಆಗ ರೇಟು ಇಳಿಯುವುದೂ ಅದಕ್ಕೇ.

ಕೈಗೆ ಕಂಕಣ

ಸರಿ, ಕಡಲು ಕೈಕೊಟ್ಟಿತು. ರೆಸಾರ್ಟು? ಅದರ ಬಗ್ಗೆ ನನಗೆ ಇವತ್ತಿಗೂ ಎರಡು ಮನಸ್ಸು. ಹೋದ ಕೂಡಲೇ ಎಲ್ಲರ ಕೈಗೂ ಪ್ಲಾಸ್ಟಿಕ್ ಪಟ್ಟಿ ಹಾಕಿದರು. ಅತ್ತೆ "ಕಂಕಣ ಕಟ್ಟಿದ್ರು, ಇನ್ನು ಮದ್ವಿ ಮುಗಿಯೋತನ ಊರು ಬಿಡಂಗಿಲ್ಲ" ಅಂದರು. ತಮಾಷೆಗೆ ಅಂದಿದ್ದು, ಆದದ್ದೂ ಹಾಗೇ. ತಿಂಡಿ, ಊಟ, ಕುಡಿಯುವುದು ಎಲ್ಲದಕ್ಕೂ ಮೊದಲೇ ದುಡ್ಡು ಕೊಟ್ಟಾಗಿದೆ. ಹೊರಗೆ ಹೋಗಿ ಒಂದು ಎಳನೀರು ಕುಡಿದರೂ ಒಳಗಿನದು ದಂಡ ಆಯಿತಲ್ಲ ಅನ್ನಿಸುತ್ತದೆ. ನಾಲ್ಕು ದಿನದಲ್ಲಿ ನಾವು ಗೇಟು ದಾಟಿದ್ದು ಏರ್‌ಪೋರ್ಟಿಗೆ ಹೋಗುವಾಗ ಮಾತ್ರ. ಡೊಮಿನಿಕನ್ ರಿಪಬ್ಲಿಕ್ ನೋಡಿದ್ದೀರಾ ಎಂದು ಯಾರಾದರೂ ಕೇಳಿದರೆ ಹೌದು ಅನ್ನಲು ಬಾಯಿ ಬರುವುದಿಲ್ಲ.

ಅಲ್ಲಿ ಬೆಳಿಗ್ಗೆ ಆರಕ್ಕೇ ಜನ ಬಂದು ಪೂಲ್ ಪಕ್ಕದ ಕುರ್ಚಿಗೆ ಟವೆಲ್ ಹಾಕಿ ಹೋಗುತ್ತಾರೆ. ಕೆಂಪು ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ನಾಡಿನವರು ನಾವು. ಆದರೂ ಒಬ್ಬ ಜರ್ಮನ್ ಅಜ್ಜನನ್ನು ಒಂದು ದಿನವೂ ಸೋಲಿಸಲಾಗಲಿಲ್ಲ.

ಅತ್ತೆಯದು ಶುದ್ಧ ಸಸ್ಯಾಹಾರ. ಅನ್ನ, ರಾಜ್ಮಾದಂಥ ಕಾಳು ನೋಡಿ ಖುಷಿಯಾಗಿ ತಟ್ಟೆಗೆ ಹಾಕಿಸಿಕೊಂಡರು. ನಾನು ಸುಮ್ನೆ ಇರದೆ ಅಡುಗೆಯವರನ್ನು ಕೇಳಿದೆ. ಕೋಳಿ ಬೇಯಿಸಿದ ನೀರಲ್ಲಿ ಮಾಡಿದ್ದು ಅಂದರು. ಎಕ್ಸೆಲ್ಲಿನಲ್ಲಿ ಸಸ್ಯಾಹಾರದ ಕಾಲಮ್ಮಿಗೆ ಹಸಿರು ಟಿಕ್ ಇತ್ತು. ಅಲ್ಲಿಂದ ಮುಂದೆ ಅವರು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಹಣ್ಣು, ಮತ್ತೆ ಬ್ಯಾಗಿನಲ್ಲಿ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯಲ್ಲೇ ಕಳೆದರು. ಹಣ್ಣಿನ ಕೌಂಟರಿನ ಹುಡುಗ ಅವರನ್ನು ಕಂಡ ಕೂಡಲೇ ಅನಾನಸು ಹೆಚ್ಚಲು ಶುರು ಮಾಡುತ್ತಿದ್ದ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ದ್ರಾವಿಡ್ ಕೃಪೆ

ಎರಡನೇ ಸಲದ ಆಯ್ಕೆಗೆ ಎಕ್ಸೆಲ್ ಬೇಕಾಗಲಿಲ್ಲ. 2024ರ ಜೂನ್ 29ರಂದು ಬಾರ್ಬಡೋಸಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು. ಕಪ್ ಕೈಗೆ ಬಂದಾಗ ರಾಹುಲ್ ದ್ರಾವಿಡ್ ಕೂಗಿದ್ದು ನಿಮಗೆ ನೆನಪಿರಬೇಕು. ಅಷ್ಟು ವರ್ಷ ಗಂಭೀರವಾಗಿದ್ದ ಮನುಷ್ಯ! 1997ರಲ್ಲಿ ಇದೇ ಮೈದಾನದಲ್ಲಿ 120 ಹೊಡೆದರೆ ಟೆಸ್ಟ್ ಗೆಲ್ಲಬಹುದಿತ್ತು, ನಾವು 81ಕ್ಕೆ ಆಲೌಟ್. ಆ ತಂಡದಲ್ಲಿ ದ್ರಾವಿಡ್ ಇದ್ದರು. ನನ್ನ ಗಂಡ ಟೀವಿ ಮುಂದೆ ಕಣ್ಣೊರೆಸಿಕೊಂಡು "ಆ ನೆಲ ನೋಡ್ಬೇಕು" ಅಂದ. ಎರಡೇ ದಿನಕ್ಕೆ ಬೆರಿಲ್ ಚಂಡಮಾರುತ ಬಂದು, ಗೆದ್ದ ತಂಡವೇ ಹೊಟೇಲಿನಲ್ಲಿ ಸಿಕ್ಕಿಹಾಕಿಕೊಂಡಿತು. ಹಾಗಾಗಿ ನಾವು ನವೆಂಬರ್ ಕೊನೆವರೆಗೆ ಕಾದೆವು. ಅತ್ತೆ ಎರಡನೇ ಸಲ ಬಂದಿದ್ದರು.

ಈ ಸಲ ಮೊದಲು ನಕ್ಷೆ ತೆಗೆದೆ. ಬಾರ್ಬಡೋಸ್ ತೀರಾ ಚಿಕ್ಕದು. 430 ಚದರ ಕಿಲೋಮೀಟರ್, ಬೆಂಗಳೂರು ನಗರಕ್ಕಿಂತಲೂ ಸಣ್ಣದು. ಮೂಡಣದ ಬ್ಯಾತ್‌ಶೀಬಾದಲ್ಲಿ ಅಲೆ ಸವಾರರು ಆಡುವಷ್ಟು ದೊಡ್ಡ ಅಲೆ. ಪಡುವಣದ ಹೋಲ್‌ಟೌನ್ ಕಡೆ ನೀರು ಅಲುಗಾಡುವುದೂ ಕಷ್ಟ. ಆ ಮಗ್ಗುಲು ದುಬಾರಿ. ಆದರೆ ಅಲ್ಲಿ ಬೀಚುಗಳೆಲ್ಲ ಸಾರ್ವಜನಿಕ. ಸಾವಿರ ಡಾಲರಿನ ಹೊಟೇಲಿನ ಮುಂದಿನ ಮರಳಿನಲ್ಲೂ ಯಾರು ಬೇಕಾದರೂ ಟವೆಲ್ ಹಾಸಬಹುದು. ಇದು ಗೊತ್ತಾದ ಮೇಲೆ ರಸ್ತೆಯ ಆಚೆ ಬದಿಗೆ, ಲಿಫ್ಟ್ ಇಲ್ಲದ, ಬೆಳಗಿನ ತಿಂಡಿ ಮಾತ್ರ ಕೊಡುವ ಸಣ್ಣ ಹೊಟೇಲು ಹಿಡಿದೆ. ಬೀಚಿಗೆ ರಸ್ತೆ ದಾಟಿದರಾಯಿತು. ಮೊದಲ ದಿನವೇ ಮಕ್ಕಳು ನೀರಿಗೆ ಇಳಿದವರು ಸಂಜೆವರೆಗೆ ಏಳಲಿಲ್ಲ.

ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಮಳೆ ಹನಿಯಿತು. ಮಕ್ಕಳು ದಂಡೆಯ ಒಂದು ಮರದ ಕೆಳಗೆ ಓಡಿದರು. ಎಳನೀರು ಮಾರುತ್ತಿದ್ದವನು ಕತ್ತಿ ಕೆಳಗಿಟ್ಟು ಕೂಗುತ್ತಾ ಬಂದು ಇಬ್ಬರನ್ನೂ ಎಳೆದು ಹೊರಗೆ ತಂದ. ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿತ್ತು, ನಾವು ನೋಡಿರಲಿಲ್ಲ. ಮ್ಯಾಂಚಿನೀಲ್ ಅಂತ ಆ ಮರ. ಹಾಲು ಸೋಕಿದರೆ ಗೇರುಸೊನೆ ತಾಗಿದ ಹಾಗೆ ಬೊಕ್ಕೆ ಏಳುತ್ತದೆ. ಮಳೆ ಬಂದಾಗ ಎಲೆಯಿಂದ ಇಳಿಯುವ ಹನಿಯೂ ಸುಡುತ್ತದೆ. ಚಿಕ್ಕ ಸೇಬಿನಂಥ ಹಣ್ಣು ವಿಷ. ಹೊಟೇಲಿನ ವೆಬ್‌ಸೈಟಿನಲ್ಲಿ ಈ ಮರ ನೆರಳಿಗೆ ಚೆನ್ನಾಗಿ ಕಾಣುತ್ತದೆ!

ಗಂಡ ಒಂದು ದಿನ ನೀಲಿ ಬಸ್ಸು ಹತ್ತಿ ರಾಜಧಾನಿ ಬ್ರಿಜ್‌ಟೌನಿಗೆ ಹೋಗಿ ಬಂದ. ಅಲ್ಲಿ ಬಸ್ ಸ್ಟಾಪಿನ ಬೋರ್ಡುಗಳಲ್ಲಿ ಎರಡೇ ದಿಕ್ಕು. ಊರಿಗೆ, ಊರಿಂದಾಚೆಗೆ. ಓವಲ್ ಹೊರಗಿನ ಕ್ರಿಕೆಟಿಗ ಗ್ಯಾರಿ ಸೋಬರ್ಸ್ ಪ್ರತಿಮೆ, ಗೇಟಿನ ಸಂದಿಯಿಂದ ಕಂಡಷ್ಟು ಹುಲ್ಲು, ಇಷ್ಟರ ನಲವತ್ತು ಫೋಟೋ ತಂದ. ಸೂರ್ಯಕುಮಾರ್ ಕ್ಯಾಚ್ ಹಿಡಿದ ಗೆರೆ ಯಾವ ಬದಿಗಿತ್ತು ಎಂಬ ಬಗ್ಗೆ ಅವನಿಗೂ ಮಗನಿಗೂ ಇನ್ನೂ ಜಗಳ ಇದೆ.

ಬೆಲ್ಲ ಮರೆತ ಹೋಳಿಗೆ

ಆ ಹೊಟೇಲಿನಲ್ಲಿ ಊಟ ಇರಲಿಲ್ಲ ಎಂದೆನಲ್ಲ. ಎರಡನೇ ದಿನ ಅತ್ತೆಯನ್ನು ಕರೆದುಕೊಂಡು ಹೋಲ್‌ಟೌನಿನ ರಸ್ತೆಯಲ್ಲಿ ನಡೆದೆ. ಅಂಗಡಿ ಮುಂಗಟ್ಟಿಗೆಲ್ಲ ನೀಲಿ, ಹಳದಿ ಬಾವುಟ. ನವೆಂಬರ್ 30 ಅವರ ಸ್ವಾತಂತ್ರ್ಯ ದಿನ. ಸಣ್ಣದೊಂದು ಅಂಗಡಿಯ ಬೋರ್ಡಿನಲ್ಲಿ "ರೋಟಿ" ಎಂದಿತ್ತು, ಕೆಳಗೆ "ಪೊಟ್ಯಾಟೊ ಆಂಡ್ ಚನ್ನಾ". ಕೌಂಟರಿನಲ್ಲಿದ್ದ ಹೆಂಗಸಿಗೆ ಐವತ್ತರ ಹತ್ತಿರ ವಯಸ್ಸು. ನಮ್ಮ ಮುಖ ನೋಡಿಯೇ ನಕ್ಕರು. ಅವರ ಮನೆತನ ಟ್ರಿನಿಡಾಡಿನದು. ಮುತ್ತಜ್ಜಿಯ ಕಾಲದಲ್ಲಿ ಹಡಗಿನಲ್ಲಿ ಬಂದವರಂತೆ. ಕಬ್ಬಿನ ಗದ್ದೆಯ ಕೂಲಿಗೆಂದು ಕಲ್ಕತ್ತೆಯಿಂದ ಹೊರಟ ಮೊದಲ ಹಡಗು ಟ್ರಿನಿಡಾಡ್ ಮುಟ್ಟಿದ್ದು 1845ರ ಮೇ 30ರಂದು. ಅದರ ನಂತರ ಬಂದ ಎಷ್ಟೋ ಹಡಗುಗಳಲ್ಲಿ ಯಾವುದೋ ಒಂದರಲ್ಲಿ.

ಅಗಲವಾದ ರೊಟ್ಟಿಯಲ್ಲಿ ಪಲ್ಯ ಸುತ್ತಿ ಕಾಗದದಲ್ಲಿಟ್ಟು ಕೊಟ್ಟರು. ಮಾಂಸದ ಸೌಟು ಇದಕ್ಕೆ ಹಾಕಿಲ್ಲ ಎಂದು ಕೇಳುವ ಮೊದಲೇ ಹೇಳಿದರು. ಅತ್ತೆ ತಿನ್ನಲಿಲ್ಲ. ಮೊದಲು ಒಂದು ಅಂಚು ಹರಿದರು. ಪದರ ಬಿಡಿಸಿದರು. ಎರಡು ತೆಳು ಪದರದ ನಡುವೆ ಹಳದಿ ಹುಡಿ ಕಂಡಿತು. ಬೆರಳಿಗೆ ಹಚ್ಚಿ ಮೂಸಿದರು, ನಾಲಿಗೆಗೆ ಇಟ್ಟರು. ನನ್ನ ಕಡೆ ತಿರುಗಿ, "ಏ, ಇದು ಹೋಳಿಗಿ ಕಣೇ. ಬೆಲ್ಲ ಹಾಕದು ಮರ್ತಾರೆ ಅಷ್ಟೇ" ಅಂದರು.

ಅವರು ಹೇಳಿದ್ದು ಸರಿ. ಅದನ್ನು ಅಲ್ಲಿ ದಾಲ್‌ಪುರಿ ಅನ್ನುತ್ತಾರೆ. ಬಟಾಣಿ ಬೇಳೆ ಬೇಯಿಸಿ, ನೀರು ಬಸಿದು, ಅರಿಸಿನ, ಜೀರಿಗೆ ಹಾಕಿ ಒಣಕಲಾಗಿ ಅರೆದು, ಕಣಕದ ಉಂಡೆಯಲ್ಲಿ ತುಂಬಿ ಲಟ್ಟಿಸುವುದು. ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಕೌಂಟರಿನ ಆಚೆ ಈಚೆ ನಿಂತು ಇಬ್ಬರೂ ಕೈಯಲ್ಲೇ ಹೋಳಿಗೆ ಮಾಡಿದರು. ಒಬ್ಬರು ಅಂಗೈಯಲ್ಲಿ ಇಲ್ಲದ ಕಣಕ ಅಗಲಿಸಿದರು, ಇನ್ನೊಬ್ಬರು ಇಲ್ಲದ ಹೂರಣ ಇಟ್ಟು ಬಾಯಿ ಮುಚ್ಚಿದರು. ಆ ಹೆಂಗಸು "ಗೀರಾ, ಗೀರಾ" ಎಂದು ಡಬ್ಬ ತೆಗೆದು ತೋರಿಸಿದಾಗ ಅತ್ತೆ "ಹೂಂ, ಜೀರ್ಗಿ" ಎಂದು ತಲೆಯಾಡಿಸಿದರು. ಸಂಚಿಯಿಂದ ಶೇಂಗಾ ಚಟ್ನಿಪುಡಿ ತೆಗೆದು ಒಂದು ಚಮಚ ಕಾಗದದ ಮೇಲೆ ಹಾಕಿ ಕೊಟ್ಟರು. ಆಕೆ ತಿಂದು ಕಣ್ಣರಳಿಸಿ, ತಮ್ಮ ಹುಣಸೆ ಚಟ್ನಿಯ ಪುಟ್ಟ ಡಬ್ಬಿ ಕೊಟ್ಟರು. ದುಡ್ಡು ಮಾತ್ರ ಪೂರ್ತಿ ತೆಗೆದುಕೊಂಡರು. ಉಳಿದ ಮೂರು ದಿನವೂ ಅತ್ತೆಯ ಮಧ್ಯಾಹ್ನದ ಊಟ ಅಲ್ಲೇ.

ಇದನ್ನು ಓದಿ "ಹಾಗಾದರೆ ಸಣ್ಣ ಹೊಟೇಲೇ ಸರಿ" ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಕೊನೆಗೆ ಲೆಕ್ಕ ಹಾಕಿದರೆ ಬಾರ್ಬಡೋಸಿಗೆ ಪುಂಟಾ ಕಾನಾಕ್ಕಿಂತ ಜಾಸ್ತಿ ಖರ್ಚಾಗಿತ್ತು. ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್. ಮೆನು ನೋಡಿ ಬೆಚ್ಚಿ, ಅರ್ಧ ಮಾಡಿ ಸಮಾಧಾನ ಮಾಡಿಕೊಂಡರೂ ನಾಲ್ಕು ದಿನ ಐದು ಜನ ಹೊರಗೆ ತಿಂದದ್ದು ಸಣ್ಣ ಮೊತ್ತವಲ್ಲ. ವಾಪಸ್ ಬರುವ ವಿಮಾನದಲ್ಲಿ ಅತ್ತೆಯನ್ನು ಕೇಳಿದೆ, ಎರಡರಲ್ಲಿ ಯಾವುದು ಚೆನ್ನಾಗಿತ್ತು ಎಂದು. ಉತ್ತರ ಗೊತ್ತು ಅನ್ನುವ ಧೈರ್ಯದಲ್ಲೇ ಕೇಳಿದ್ದು.

"ಮೊದ್ಲು ಹೋಗಿದ್ವಲ್ಲ, ಅದು" ಅಂದರು. "ಲಿಫ್ಟ್ ಇತ್ತು. ಆ ಹುಡುಗ ಪಾಪ ಹಣ್ಣು ಹೆಚ್ಚಿ ಕೊಡ್ತಿದ್ದ. ಇಲ್ಲಿ ಮೆಟ್ಲು ಹತ್ತಿ ಹತ್ತಿ ಮೊಣಕಾಲು ಹೋದ್ವು."

ವಾಸನೆ? ಪಾಚಿ? "ಅದು ಕಡಲು. ಅದ್ರಾಗೆ ಕಸ ಬರದೆ ಇರ್ತತಾ?"

ಎಕ್ಸೆಲ್ ಶೀಟಿಗೆ ಗಂಡ ಹದಿನೈದನೇ ಕಾಲಂ ಸೇರಿಸಿದ್ದ, "ಗಾಳಿ" ಎಂದು. ಅವತ್ತು ರಾತ್ರಿ ಹದಿನಾರನೆಯದನ್ನು ನಾನೇ ಸೇರಿಸಿದೆ, "ಮೊಣಕಾಲು".

ಗೆಳತಿಗೆ ಕೊನೆಗೆ ಬರೆದದ್ದು ನಾಲ್ಕೇ ಸಾಲು. ನಿನ್ನ ಮೂರರಲ್ಲಿ ಎರಡು ಮೂಡಣ ಮಗ್ಗುಲಲ್ಲಿವೆ. ಜೂನಿನಲ್ಲಿ ಹೋಗುತ್ತೀರಾದರೆ ಆ ಎರಡನ್ನು ಬಿಡು. ಮೂರನೆಯದರ ಗೇಟಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಏನಾದರೂ ಊರು ಇದೆಯಾ ನೋಡು. ಅಮ್ಮ ಬರುತ್ತಾರಾದರೆ ಲಿಫ್ಟ್ ಕೇಳು. ಎರಡು ನೀಲಿ ಟಿಕ್ ಬಿತ್ತು. ಮರುದಿನ ಬುಕಿಂಗ್ ಸ್ಕ್ರೀನ್‌ಶಾಟ್ ಕಳಿಸಿದಳು. ಮೂಡಣ ಮಗ್ಗುಲಿನದ್ದೇ. ಅಲ್ಲಿ ಮೂರು ಅಂತಸ್ತಿನ ನೀರಿನ ಜಾರುಬಂಡೆ ಇದೆಯಂತೆ, ಮಗ ಬಿಡಲಿಲ್ಲವಂತೆ.